ಫೀ ತಗೊಳ್ಳೋ ಮೊದಲು ಒಂದು ಹಾಳೆ ಕೊಡಿ: ಇಬ್ಬರು ಸಚಿವರಿಗೆ ಹಾವೇರಿಯ ಪಿ.ಟಿ. ಮಾಸ್ತರ್ ಬರೆದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು ಮತ್ತು ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರಿಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ಫಿಸಿಯೋಥೆರಪಿ, ರಿಹ್ಯಾಬಿಲಿಟೇಶನ್, ಕೌನ್ಸೆಲಿಂಗ್ ಅಂತ ಹೆಸರಿಟ್ಟು ಫೀ ತಗೊಳ್ಳುವ, ಮಾನ್ಯತೆ ಇಲ್ಲದ ಕೋರ್ಸುಗಳ ವಿಷಯ ಕೇಳೋಕೆ ಹೋದ ವರ್ಷ ಒಂದು ಕಚೇರಿಗೆ ಹೋಗಿದ್ದೆ. "ಇದು ನಮಗ ಬರೂದಿಲ್ರೀ ಸರ್, ಆ ಕಡೆ ಕೇಳ್ರಿ" ಅಂದರು. ಆ ಕಡೆ ಹೋದರೆ ಅವರು ಈ ಕಡೆಗೇ ಕೈ ತೋರಿಸಿದರು. ಎರಡು ರಜೆ, ಎರಡು ಸಲದ ಬಸ್ ಚಾರ್ಜು, ಕೈಗೆ ಬಂದದ್ದು ಏನೂ ಇಲ್ಲ. ಹಾಗಾಗಿ ಈ ಸಲ ಇಬ್ಬರ ಹೆಸರನ್ನೂ ಮೇಲೆ ಹಾಕಿದ್ದೇನೆ. ಯಾರ ಟೇಬಲ್ಲಿನದು ಅಂತ ನೀವೇ ಮಾತಾಡಿಕೊಳ್ಳಿ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ್. 24 ವರ್ಷ ಸರ್ವಿಸ್ ಆಗಿದೆ. ಖೋಖೋ, ಕಬಡ್ಡಿ ಆಡಿಸಿದ್ದೇನೆ, ಪ್ರಭಾತಫೇರಿಗೆ ಡ್ರಮ್ ಬಾರಿಸಿದ್ದೇನೆ, ಬಿಸಿಯೂಟದ ಅಕ್ಕಿ ಇಳಿಸಿಕೊಂಡಿದ್ದೇನೆ. ಕೋರ್ಸು, ಕಾಲೇಜು, ಕೌನ್ಸಿಲ್ ಇವೆಲ್ಲ ನನ್ನ ಕ್ಷೇತ್ರವಲ್ಲ. ತಂಗಿಯ ಮಗಳಿಂದ ನನ್ನ ಕ್ಷೇತ್ರ ಆಯಿತು.

ಅವಳು ಪಿಯುಸಿ ಸೈನ್ಸ್ ಮುಗಿಸಿದಳು. ಬಿ.ಪಿ.ಟಿ. ಮಾಡಬೇಕು ಅಂತ ಆಸೆ. ಬಿ.ಪಿ.ಟಿ. ಅಂದರೆ ಫಿಸಿಯೋಥೆರಪಿ ಪದವಿ. ಸರ್ಕಾರಿ ಕೋಟಾದ ಸೀಟು ಸಿಗಲಿಲ್ಲ, ಮ್ಯಾನೇಜ್‌ಮೆಂಟ್ ಸೀಟಿಗೆ ಕೈಯಲ್ಲಿ ದುಡ್ಡು ಇರಲಿಲ್ಲ. ಅಷ್ಟರಲ್ಲಿ ಯಾರೋ ಹುಬ್ಬಳ್ಳಿಯ ಒಂದು ಸಂಸ್ಥೆಯ ಪಾಂಪ್ಲೆಟ್ ತಂದು ಕೊಟ್ಟರು. ಹೆಸರು ಹೇಳುವುದಿಲ್ಲ, ಮೊಬೈಲ್ ಅಂಗಡಿಯ ಮೇಲಿನ ಎರಡು ರೂಮು ಅದು. "ಡಿಪ್ಲೊಮಾ ಇನ್ ಕಿನೀಸಿಯಾಲಜಿ ಅಂಡ್ ರಿಹ್ಯಾಬಿಲಿಟೇಶನ್ ಸೈನ್ಸ್" ಅಂತ ದಪ್ಪ ಅಕ್ಷರದಲ್ಲಿತ್ತು. ಅದರ ಜೊತೆ ಕೌನ್ಸೆಲಿಂಗ್ ಸರ್ಟಿಫಿಕೇಟ್ ಫ್ರೀ! ದೀಪಾವಳಿ ಸೀರೆ ಅಂಗಡಿಯಲ್ಲಿ ಒಂದು ತಗೊಂಡರೆ ಒಂದು ಫ್ರೀ ಕೊಡ್ತಾರಲ್ಲ, ಹಾಗೆ. ಒಂದು ವರ್ಷದ ಕೋರ್ಸು, ಶನಿವಾರ ಭಾನುವಾರ ಕ್ಲಾಸು, ಫೀ 68,000 ರೂಪಾಯಿ, ನೌಕರಿ ಗ್ಯಾರಂಟಿ. ನನ್ನ ತಂಗಿ ಗಂಡ ಬ್ಯಾಡಗಿ ಪೇಟೆಯಲ್ಲಿ ಆ ವರ್ಷ ಮಾರಿದ ಮೆಣಸಿನಕಾಯಿಯ ದುಡ್ಡಿನಲ್ಲಿ ಸಾಲ ತೀರಿಸಬೇಕಿತ್ತು. ಸಾಲ ಹಾಗೇ ಇಟ್ಟು ಫೀ ಕಟ್ಟಿದ.

ನಾನೂ ಅವತ್ತು ಜೊತೆಗೆ ಹೋಗಿದ್ದೆ ಅನ್ನೋದೇ ನನಗೆ ಜಾಸ್ತಿ ಚುಚ್ಚುತ್ತದೆ. "ಕಿನೀಸಿಯಾಲಜಿ" ಅನ್ನೋ ಶಬ್ದ ಕಂಡು ನಾನೇ "ಚಲೋ ವಿಷಯ ಐತಿ, ನಾವೂ ಓದೀವಿ" ಅಂದುಬಿಟ್ಟೆ. ಹೌದು, ಬಿ.ಪಿ.ಎಡ್., ಅಂದರೆ ಪಿ.ಟಿ. ಮಾಸ್ತರಿಕೆಯ ಪದವಿ ಮಾಡುವಾಗ ಓದಿದ್ದೆ. ಅದು ಮೈ ಹೇಗೆ ಚಲಿಸುತ್ತದೆ ಅನ್ನುವ ವಿಜ್ಞಾನ. ಮೊಣಕೈ ಅನ್ನೋದು ಒಂದು ಸನ್ನೆಕೋಲು, ತೋಳಿನ ಸ್ನಾಯು ಕೀಲಿಗೆ ತೀರಾ ಹತ್ತಿರ ಅಂಟಿಕೊಂಡಿರುವುದರಿಂದ ಸಣ್ಣ ಭಾರ ಎತ್ತೋಕೂ ಅದು ಬಹಳ ಬಲ ಹಾಕಬೇಕು, ಆದರೆ ಅದಕ್ಕೇ ಕೈ ಅಷ್ಟು ಬೇಗ ಬೀಸುತ್ತದೆ. ಗುಂಡು ಎಸೆಯುವ ಹುಡುಗರಿಗೆ ಇವತ್ತಿಗೂ ಇದನ್ನು ಹೇಳುತ್ತೇನೆ. ಆದರೆ ನಮ್ಮಲ್ಲಿ ಅದು ಬಿ.ಪಿ.ಎಡ್.ನಲ್ಲಿ ಒಂದು ಪೇಪರ್, ಬಿ.ಪಿ.ಟಿ.ಯಲ್ಲಿ ಬಯೋಮೆಕ್ಯಾನಿಕ್ಸ್ ಜೊತೆ ಬರುವ ಒಂದು ವಿಷಯ. ಆ ಒಂದು ಪೇಪರ್ ಓದಿದವನು ರೋಗಿಯ ಮೈ ಮುಟ್ಟಿ ಚಿಕಿತ್ಸೆ ಕೊಡೋಕೆ ಆಗಲ್ಲ. ಕೊಡಬಹುದು ಅಂತಿದ್ದರೆ ನಾನೇ ಎಂದೋ ಬೋರ್ಡ್ ಹಾಕಿಕೊಂಡು ಕೂರುತ್ತಿದ್ದೆ.

ಅಮೆರಿಕ, ಕೆನಡಾದಲ್ಲಿ ಕಿನೀಸಿಯಾಲಜಿ ಬೇರೆಯೇ ಪದವಿ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಂತೂ 2013ರಿಂದ ಕಿನೀಸಿಯಾಲಜಿಸ್ಟ್ ಅಂತ ಹೇಳಿಕೊಳ್ಳಬೇಕಾದರೆ ಕಾನೂನಿನ ಪ್ರಕಾರ ನೋಂದಣಿ ಇರಬೇಕು. ಅಲ್ಲಿ ಕೂಡ ಫಿಸಿಯೋಥೆರಪಿಸ್ಟ್ ಬೇರೆ, ಅವರ ಪಟ್ಟಿ ಬೇರೆ. ನಮ್ಮ ಹುಬ್ಬಳ್ಳಿಯ ಎರಡು ರೂಮಿನವರು ಅಲ್ಲಿನ ಹೆಸರನ್ನು ತಂದರು. ಅಲ್ಲಿನ ನೋಂದಣಿ ಪುಸ್ತಕ ತರಲಿಲ್ಲ.

ಕೋರ್ಸು ಮುಗಿಸಿ ಅವಳು ಒಂದು ನರ್ಸಿಂಗ್ ಹೋಮಿಗೆ ಕೆಲಸ ಕೇಳೋಕೆ ಹೋದಳು. ಅಲ್ಲಿನ ಡಾಕ್ಟರು ಸರ್ಟಿಫಿಕೇಟ್ ತಿರುವಿ ಮುರುವಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ನಿನ್ನ ಹೆಸರು ಯಾವ ಕೌನ್ಸಿಲ್‌ನಾಗ ಐತಿ ತಂಗಿ?" ಅವಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮನೆಗೆ ಬಂದು "ಮಾಮಾ, ಕೌನ್ಸಿಲ್ ಅಂದರೇನು?" ಅಂತ ನನ್ನ ಕೇಳಿದಳು. ನನಗೂ ಗೊತ್ತಿರಲಿಲ್ಲ.

ಆಮೇಲೆ ಓದಿದೆ. ಕೌನ್ಸಿಲ್ ಅಂದರೆ ಒಂದು ವೃತ್ತಿ ಮಾಡೋಕೆ ಅರ್ಹರಾದವರ ಹೆಸರನ್ನು ತನ್ನ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳುವ, ಕಾನೂನಿನಿಂದ ಆದ ಸಂಸ್ಥೆ. ಓದಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಗೊತ್ತಿರುವ ಸಂಗತಿಯೇ, ಆದರೆ ಈ ಪತ್ರವನ್ನು ಬೇರೆ ತಂದೆತಾಯಿಗಳೂ ಓದುತ್ತಾರೆ.

ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ ಇವೆರಡೂ 2021ರಲ್ಲಿ ಸಂಸತ್ತು ಮಾಡಿದ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾನೂನಿನ ಕೆಳಗೆ ಬರುತ್ತವೆ. ಮಾತು ಮತ್ತು ಶ್ರವಣ ದೋಷ ನೋಡುವವರು, ಕೃತಕ ಕೈಕಾಲು ಮಾಡುವವರು, ವಿಶೇಷ ಮಕ್ಕಳ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು (ಮಾನಸಿಕ ಕಾಯಿಲೆ ಇರುವವರನ್ನು ನೋಡುವ ಮನಶ್ಶಾಸ್ತ್ರಜ್ಞರು) ಮಾತ್ರ ಬೇರೆ ಕಡೆ. ಅವರು 1992ರ ಕಾನೂನಿನ ಭಾರತೀಯ ಪುನರ್ವಸತಿ ಪರಿಷತ್ತಿಗೆ, ಅಂದರೆ ಆರ್‌.ಸಿ.ಐ.ಗೆ ಸೇರುತ್ತಾರೆ. "ರಿಹ್ಯಾಬಿಲಿಟೇಶನ್" ಅನ್ನೋ ಹೆಸರು ಹೊತ್ತ ಪರಿಷತ್ತಿನ ಪಟ್ಟಿಯಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ! ಇದು ಹಳ್ಳಿಯ ಹುಡುಗಿಗೆ ಹೇಗೆ ಗೊತ್ತಾಗಬೇಕು ಹೇಳಿ. ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟ್‌ಗಳು, ಆಪ್ತಸಮಾಲೋಚಕರು, ವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತೆ 2021ರ ಕಾನೂನಿನ ಕಡೆಗೇ ಬರುತ್ತಾರೆ. ಒಂದೇ ಎಂ.ಎಸ್ಸಿ. ಸೈಕಾಲಜಿ ಕ್ಲಾಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು ಮುಂದೆ ಎರಡು ಬೇರೆ ಬೇರೆ ಬಾಗಿಲು ತಟ್ಟಬೇಕು.

ಆ 2021ರ ಕಾನೂನಿನಲ್ಲೇ ಗಂಟೆಯ ಲೆಕ್ಕವಿದೆ. ಅಲೈಡ್ ವೃತ್ತಿಯವರಿಗೆ, ಅಂದರೆ ತಂತ್ರಜ್ಞರಂಥವರಿಗೆ, ಕಡಿಮೆ ಅಂದರೂ 2,000 ಗಂಟೆಯ ಓದು, ಎರಡರಿಂದ ನಾಲ್ಕು ವರ್ಷದಲ್ಲಿ. ಹೆಲ್ತ್‌ಕೇರ್ ವೃತ್ತಿಯವರಿಗೆ, ಅಂದರೆ ಫಿಸಿಯೋಥೆರಪಿಸ್ಟ್‌ನಂಥವರಿಗೆ, ಕಡಿಮೆ ಅಂದರೂ 3,600 ಗಂಟೆಯ ಪದವಿ, ಮೂರರಿಂದ ಆರು ವರ್ಷದಲ್ಲಿ. ನಾನು ಕೂತು ಲೆಕ್ಕ ಹಾಕಿದೆ. ನಮ್ಮ ಹುಡುಗಿಯ ಕ್ಲಾಸು ಶನಿವಾರ ಮೂರು ತಾಸು, ಭಾನುವಾರ ಮೂರು ತಾಸು. ಒಂದು ವಾರವೂ ತಪ್ಪದೆ ನಡೆದರೆ ವರ್ಷಕ್ಕೆ 312 ತಾಸು. ಹಬ್ಬ, ಜಾತ್ರೆ, ಸರ್ ಬರದ ದಿನ ಎಲ್ಲ ಕಳೆದರೆ ಎಷ್ಟು ಉಳಿಯುತ್ತದೋ ನೀವೇ ನೋಡಿ. ಬಿ.ಪಿ.ಟಿ. ಹಳೆಯ ಕ್ರಮದಲ್ಲಿ ನಾಲ್ಕು ವರ್ಷದ ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಇತ್ತು. ಆಯೋಗದ ಹೊಸ ಪಠ್ಯಕ್ರಮದಲ್ಲಿ ಒಟ್ಟು ಐದು ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಇದರ ಎದುರು 312 ತಾಸು!

ಸಿಟ್ಟು ಬಂದು ಮತ್ತೊಂದನ್ನೂ ಹುಡುಕಿದೆ. ಆರ್‌.ಸಿ.ಐ. ಕಾನೂನಿನಲ್ಲಿ ನೋಂದಣಿ ಇಲ್ಲದೆ ಆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. 1992ರಲ್ಲಿ ಅದು ದೊಡ್ಡ ಮೊತ್ತ ಇದ್ದಿರಬಹುದು. ಇವತ್ತು ಒಬ್ಬ ವಿದ್ಯಾರ್ಥಿಯ ಫೀಯಲ್ಲಿ 68 ಸಲ ಆ ದಂಡ ಕಟ್ಟಬಹುದು.

ಮಾನ್ಯರೇ, ಇದು ಬರೀ ಒಂದು ಮನೆಯ ದುಡ್ಡಿನ ಮಾತಾಗಿದ್ದರೆ ಸುಮ್ನೆ ಇರುತ್ತಿದ್ದೆ. ಇದರ ಇನ್ನೊಂದು ಕೊನೆಯನ್ನೂ ನಾನು ಕಂಡಿದ್ದೇನೆ. ಆ ಕೊನೆಯಲ್ಲಿ ಮಲಗಿದ್ದವಳು ನಮ್ಮ ಅವ್ವ.

ಮೂರು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು, ಬಲಗಡೆ. ಹುಬ್ಬಳ್ಳಿಗೆ ಒಯ್ದೆವು, ಜೀವ ಉಳಿಯಿತು. ಡಾಕ್ಟರುಗಳಿಗೆ ಅವತ್ತಿಗೂ ಇವತ್ತಿಗೂ ಕೈ ಮುಗಿಯುತ್ತೇನೆ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ "ಫಿಸಿಯೋಥೆರಪಿ ಮುಂದುವರಿಸಿ" ಅಂತ ಬರೆದಿತ್ತು. ಎಲ್ಲಿ? ನಮ್ಮೂರಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 80 ಕಿಲೋಮೀಟರ್. ಎದ್ದು ಕೂರಲಾಗದ ಮುದುಕಿಯನ್ನು ದಿನಾ ಬಸ್ಸಿನಲ್ಲಿ ಒಯ್ಯೋಕಾಗುತ್ತಾ? ಊರಲ್ಲಿ ವಿಚಾರಿಸಿದಾಗ ಒಬ್ಬ ಹುಡುಗ "ನಾನು ಫಿಸಿಯೋ ಕಲ್ತೀನ್ರೀ, ಮನೀಗೇ ಬರ್ತೀನಿ" ಅಂದ. ದಿನಕ್ಕೆ 300 ರೂಪಾಯಿ. ಬಹಳ ಸಭ್ಯ ಹುಡುಗ, ಮಾತು ಮೃದು. ಅವನೂ ಇಂಥದೇ ಯಾವುದೋ ಎರಡು ರೂಮಿನಲ್ಲಿ ಕಲಿತವನು ಅಂತ ಆಮೇಲೆ ಗೊತ್ತಾಯಿತು. ದಿನಾ ಬಂದು ಅವ್ವನ ಬಲಗೈ ಹಿಡಿದು ಎಳೆದು ಎಬ್ಬಿಸುತ್ತಿದ್ದ, ಮೇಲೆ ಕೆಳಗೆ ಎತ್ತಿ ಇಳಿಸುತ್ತಿದ್ದ. ಅವ್ವ ಅಳುತ್ತಿದ್ದಳು. "ನೋವು ಬಂತಂದ್ರ ನರ ಎಚ್ಚರ ಆಗಾಕತ್ತೇತಿ" ಅನ್ನುತ್ತಿದ್ದ. ನಾವು ನಂಬಿದೆವು.

ಲಕ್ವಾ ಹೊಡೆದ ಕಡೆ ಭುಜದ ಸ್ನಾಯುಗಳು ಸಡಿಲ ಆಗಿರುತ್ತವೆ. ಕೀಲಿನ ಗುಂಡಿಯಿಂದ ತೋಳಿನ ಎಲುಬು ಕೆಳಗೆ ಜಾರುವ ಸ್ಥಿತಿಯಲ್ಲಿರುತ್ತದೆ. ಅಂಥ ಕೈಯನ್ನು ಹಿಡಿದು ಎಳೆಯಲೇಬಾರದು. ಇದನ್ನು ನಮಗೆ ಹೇಳಿದವಳು ಎರಡು ತಿಂಗಳ ಮೇಲೆ ಹುಬ್ಬಳ್ಳಿಯಲ್ಲಿ ಸಿಕ್ಕ ಒಬ್ಬ ನಿಜವಾದ ಬಿ.ಪಿ.ಟಿ. ಹುಡುಗಿ. ಅವ್ವನ ಭುಜ ಮುಟ್ಟಿ ನೋಡಿದವಳೇ ಒಂದು ಬೆರಳು ಹಿಡಿಸುವಷ್ಟು ಸಂದು ತೋರಿಸಿದಳು. ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಮಲಗಿಸುವಾಗ ಕೈ ಕೆಳಗೆ ದಿಂಬು ಹೇಗೆ ಇಡಬೇಕು, ಎಬ್ಬಿಸುವಾಗ ಬೆನ್ನಿಗೆ, ಸೊಂಟಕ್ಕೆ ಹೇಗೆ ಆಸರೆ ಕೊಡಬೇಕು, ಎಲ್ಲ ಮಾಡಿ ತೋರಿಸಿದಳು. ನನ್ನ ಹೆಂಡತಿಯ ಕೈಯಲ್ಲೇ ಮಾಡಿಸಿ, ತಪ್ಪಾದರೆ ತಿದ್ದಿದಳು. ಕೊನೆಗೆ ಅವ್ವನ ಪಕ್ಕ ಕೂತು "ಅಜ್ಜಿ, ನಿಮಗ ಮೊದಲ ಏನ್ ಮಾಡಬೇಕು ಅನ್ನಿಸತೈತಿ?" ಅಂದಳು.

ಅವ್ವ ತೊದಲುತ್ತಾ ಅಂದಳು: "ರೊಟ್ಟಿ ಬಡೀಬೇಕವ್ವ."

ಇದನ್ನು ಹೇಳದೆ ನನ್ನ ಪತ್ರ ಮುಂದಕ್ಕೆ ಹೋಗಲ್ಲ. ನಡೆಯಬೇಕು ಅನ್ನಲಿಲ್ಲ, ಬರೆಯಬೇಕು ಅನ್ನಲಿಲ್ಲ, ರೊಟ್ಟಿ ಬಡಿಯಬೇಕು ಅಂದಳು. ಆ ಹುಡುಗಿ ಅದನ್ನೇ ಹಿಡಿದಳು. ಮೊದಲು ಬಳ್ಳೊಳ್ಳಿ ಸುಲಿಯೋದು, ಆಮೇಲೆ ಹಿಟ್ಟು ಮುದ್ದೆ ಮಾಡೋದು, ಆಮೇಲೆ ಎಡಗೈ ಆಸರೆಯಲ್ಲಿ ಬಲಗೈಯಿಂದ ಮೆಲ್ಲಗೆ ತಟ್ಟೋದು. ದಿನನಿತ್ಯದ ಕೆಲಸದ ಮೂಲಕ ಕೈಗೆ ಕಲಿಸೋ ಈ ವಿದ್ಯೆಗೆ ಆಕ್ಯುಪೇಶನಲ್ ಥೆರಪಿ ಅನ್ನುತ್ತಾರೆ, ಅದಕ್ಕೇ ಬೇರೆ ಪದವಿ ಇದೆ ಅಂತ ಅವಳೇ ಹೇಳಿದಳು. "ನಾನು ಅದರಾಗ ಕಲ್ತಾಕಿ ಅಲ್ರೀ, ನನಗ ತಿಳಿದಷ್ಟು ಹೇಳೀನಿ" ಅಂದಳು. ಓದಿದವರ ಗುರುತೇ ಅದು ಅಲ್ವಾ? ತನಗೆ ಎಲ್ಲಿಯವರೆಗೆ ಗೊತ್ತು ಅಂತ ಹೇಳೋದು. ಎಂಟು ತಿಂಗಳಿಗೆ ಅವ್ವ ಒಂದು ರೊಟ್ಟಿ ಬಡಿದಳು, ದುಂಡಗಿರಲಿಲ್ಲ. ಭುಜದ ನೋವು ಮಾತ್ರ ಇವತ್ತಿಗೂ ಹೋಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥವರ ಅಗತ್ಯ ಎಷ್ಟಿದೆ ಅಂತ ನೋಡಬೇಕಾದರೆ ದೀಪಾವಳಿ ಆದಮೇಲೆ ಬನ್ನಿ. ಹೋರಿ ಬೆದರಿಸುವ ಹಬ್ಬದಲ್ಲಿ ಬಿದ್ದವರ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತಾರೆ, ಬಿಚ್ಚುತ್ತಾರೆ, ಅಲ್ಲಿಗೆ ಮುಗಿಯಿತು. ಮೊಣಕೈ ಬಿಗಿದುಕೊಂಡು ತುತ್ತು ಬಾಯಿವರೆಗೆ ಹೋಗದ ಹುಡುಗರು ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಧಾರವಾಡದಲ್ಲಿ ಬೆಳಗ್ಗೆ ಐದು ಗಂಟೆಗೆ ಪೊಲೀಸ್ ಭರ್ತಿಗೆ ಅಂತ ಓಡುವ ಹುಡುಗರನ್ನು ನೋಡಿ. 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ ಡಾಂಬರು ರಸ್ತೆ ಮೇಲೆ ತಿಂಗಳುಗಟ್ಟಲೆ ಓಡಿ, ಮುಂಗಾಲಿನ ಎಲುಬು ನೋಯಿಸಿಕೊಂಡು, ಪರೀಕ್ಷೆಯ ದಿನ ಕುಂಟುತ್ತಾರೆ. ಚಲನೆಯ ವಿಜ್ಞಾನ ನಿಜವಾಗಿ ಓದಿದವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಹುದ್ದೆ ಇಲ್ಲ ಅಷ್ಟೇ.

ಇನ್ನು ಕೌನ್ಸೆಲಿಂಗ್. ನಮ್ಮ ಕಡೆ ಈ ಶಬ್ದ ಹೇಳಿದರೆ ಜನ "ಸಿಇಟಿ ಸೀಟ್ ಹಂಚೂದಲ್ರೀ?" ಅಂತಾರೆ. ನಗು ಬರುತ್ತದೆ, ಆದರೆ ಅವರ ತಪ್ಪಲ್ಲ. ಮನಸ್ಸಿನ ಮಾತು ಕೇಳುವವರನ್ನು ಅವರು ಕಂಡಿದ್ದರೆ ತಾನೆ? ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, 1845ರಷ್ಟು ಹಳೆಯ ಆಸ್ಪತ್ರೆ, ಅಲ್ಲಿಗೆ ಹೋಗಿ ಗುಣವಾಗಿ ಬಂದವರನ್ನು ನಾನೇ ಬಲ್ಲೆ. ಆದರೂ ನಮ್ಮ ಊರುಗಳಲ್ಲಿ ಜಗಳ ಬಿದ್ದರೆ "ನಿನ್ನ ಧಾರವಾಡಕ್ಕ ಕಳಸಬೇಕು" ಅನ್ನೋದು ಇವತ್ತಿಗೂ ಬೈಗುಳ. ಹಾಗಾಗಿ ಯಾರೂ ಸುಲಭಕ್ಕೆ ಹೋಗಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಶಾಲೆಯ ಗೋಡೆ ಮೇಲೆ ಪೇಂಟಿನಲ್ಲಿ ನಾನೇ ಬರೆದಿದ್ದೇನೆ. ಆದರೆ ಒಂಬತ್ತನೇ ಕ್ಲಾಸಿನ ಹುಡುಗಿಯ ಕೈಯಲ್ಲಿ ಫೋನ್ ಎಲ್ಲಿರುತ್ತದೆ?

ನಮ್ಮ ಶಾಲೆಯ ಒಂದು ಹುಡುಗಿ ಊಟ ಬಿಟ್ಟಳು, ಮಾತು ಬಿಟ್ಟಳು. ಒಳ್ಳೆಯ ಖೋಖೋ ಆಟಗಾರ್ತಿ, ಮೈದಾನಕ್ಕೆ ಬರೋದನ್ನೂ ಬಿಟ್ಟಳು. ಅದೇ ಹೊತ್ತಿಗೆ ಒಂದು ಸಂಸ್ಥೆಯವರು "ನಮ್ಮ ಕಡೆ ಕೌನ್ಸೆಲರ್ ಇದ್ದಾರೆ, ಉಚಿತ ಕಾರ್ಯಕ್ರಮ" ಅಂತ ಬಂದರು. ಹೆಡ್‌ಮಾಸ್ತರರು ಒಪ್ಪಿದರು. ನಾನೂ ಖುಷಿಪಟ್ಟೆ. ಬಂದವರು ಬ್ಲೇಜರ್ ಹಾಕಿದ್ದರು, ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ಮಾಡಿದ್ದರು. ಅಂಗಳದಲ್ಲಿ ಎಲ್ಲ ಮಕ್ಕಳನ್ನು ಕೂರಿಸಿ, ಮೇಷ್ಟ್ರೊಬ್ಬರು ಕಿವಿಯಲ್ಲಿ ಹೇಳಿದ ಹೆಸರನ್ನು ಹಿಡಿದು, ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ಮೈಕ್ ಅವಳ ಬಾಯಿಗೆ ಹಿಡಿದು "ನಿನ್ನ ಸಮಸ್ಯೆ ಏನಮ್ಮಾ, ಎಲ್ಲರ ಮುಂದೆ ಧೈರ್ಯವಾಗಿ ಹೇಳು" ಅಂದರು. 200 ಮಕ್ಕಳ ಎದುರು. ಆ ಹುಡುಗಿ ಮರುದಿನದಿಂದ ಶಾಲೆಗೇ ಬರಲಿಲ್ಲ. ಮನೆಗೆ ಮೂರು ಸಲ ಹೋಗಿ ಬಂದೆ. ಮೂರನೇ ಸಲ ಅವಳ ಅವ್ವ ಬಾಗಿಲಲ್ಲೇ ನಿಂತು "ಸರ್, ಇನ್ನ ಬರಬ್ಯಾಡ್ರಿ" ಅಂದಳು.

ಕೇಳಿದ್ದನ್ನು ಗುಟ್ಟಾಗಿ ಇಡೋದು ಈ ವೃತ್ತಿಯ ಮೊದಲ ಪಾಠ. 2017ರ ಮಾನಸಿಕ ಆರೋಗ್ಯ ಕಾನೂನಿನಲ್ಲಿ ಮಾನಸಿಕ ಕಾಯಿಲೆ ಇರುವವರ ಮಾಹಿತಿ ಗುಟ್ಟಾಗಿರಬೇಕು ಅನ್ನೋದನ್ನು ಹಕ್ಕು ಅಂತಲೇ ಬರೆದಿದೆ. ಆರು ತಿಂಗಳ ಕೋರ್ಸಿನಲ್ಲಿ ಆ ಪುಟ ಬರಲೇ ಇಲ್ಲವೋ ಏನೋ.

ಮೇಲಿನವರು ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಸೈಕಾಲಜಿ ಮತ್ತು ಈ ಆರೋಗ್ಯ ಕೋರ್ಸುಗಳನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕೊಡಬಾರದು ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಯುಜಿಸಿ 2025ರಲ್ಲಿ ಆದೇಶ ಮಾಡಿತು. ರೋಗಿಯ ಮುಖ ನೋಡದೆ ಈ ವಿದ್ಯೆ ಬರಲ್ಲ, ಹಾಗಾಗಿ ಆದೇಶ ಸರಿ. ಆದರೆ ಅದರ ಪೆಟ್ಟು ಯಾರಿಗೆ ಬಿತ್ತು ನೋಡಿ. ರೋಣದಲ್ಲೋ ಹಿರೇಕೆರೂರಿನಲ್ಲೋ ಮದುವೆಯಾಗಿ, ಮಗು ಎತ್ತಿಕೊಂಡು, ರಾತ್ರಿ ಓದಿ ಎಂ.ಎಸ್ಸಿ. ಸೈಕಾಲಜಿ ಮಾಡೋಣ ಅಂದುಕೊಂಡ ಹೆಣ್ಣುಮಗಳಿಗೆ ಬಾಗಿಲು ಮುಚ್ಚಿತು. ಅವಳಿಗೆ ಬೇರೆ ಬಾಗಿಲು ತೆಗೆಯದೆ ಇದನ್ನು ಮುಚ್ಚಿದರೆ ಅವಳು ಹೋಗೋದು ಎಲ್ಲಿಗೆ? ಮೊಬೈಲ್ ಅಂಗಡಿಯ ಮೇಲಿನ ಎರಡು ರೂಮಿಗೆ. ಎಂ.ಎ., ಎಂ.ಎಸ್ಸಿ. ಆದಮೇಲೆ ಮಾಡುವ ಎಂ.ಫಿಲ್. ಪದವಿಯ ಕಥೆಯೂ ಹೀಗೇ ಆಯಿತು. ಎಲ್ಲ ವಿಷಯದ ಎಂ.ಫಿಲ್. ಅನ್ನು ಯುಜಿಸಿ 2022ರಲ್ಲಿ ನಿಲ್ಲಿಸಿತು, ಕ್ಲಿನಿಕಲ್ ಸೈಕಾಲಜಿಗೆ ಆ ಪದವಿಯೇ ಮುಖ್ಯ ದಾರಿ ಆಗಿತ್ತು, ಅದಕ್ಕೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೂ ಮಾತ್ರ 2025-26ರವರೆಗೆ ಅವಕಾಶ ಕೊಟ್ಟಿತು. ಬಿ.ಎ. ಮಾಡುತ್ತಿರುವ ಹುಡುಗಿ ಐದು ವರ್ಷ ಮುಂದಿನದನ್ನು ಲೆಕ್ಕ ಹಾಕುವುದು ಹೇಗೆ? ಇದನ್ನೆಲ್ಲ ಕನ್ನಡದಲ್ಲಿ, ಒಂದೇ ಜಾಗದಲ್ಲಿ, ಯಾರೂ ಅವಳಿಗೆ ಹೇಳಿಲ್ಲ.

ಅದಕ್ಕೇ ನನ್ನ ದೊಡ್ಡ ಬೇಡಿಕೆ ಬಹಳ ಸಣ್ಣದು. ಒಂದು ಹಾಳೆ. ಫಿಸಿಯೋಥೆರಪಿ, ರಿಹ್ಯಾಬಿಲಿಟೇಶನ್, ಕೌನ್ಸೆಲಿಂಗ್ ಅಂತ ಹೆಸರಿರುವ ಯಾವ ಕೋರ್ಸನ್ನು ಯಾವ ಸಂಸ್ಥೆ ನಡೆಸಿದರೂ, ಒಂದು ರೂಪಾಯಿ ಫೀ ತಗೊಳ್ಳೋ ಮೊದಲು ಕನ್ನಡದಲ್ಲಿ ಒಂದು ಹಾಳೆ ಕೊಡಬೇಕು. ಇದು ಮುಗಿದ ಮೇಲೆ ನಿನ್ನ ಹೆಸರು ಯಾವ ಪಟ್ಟಿಗೆ ಸೇರುತ್ತದೆ, ಒಟ್ಟು ಎಷ್ಟು ಗಂಟೆ ಓದು, ಅದರಲ್ಲಿ ರೋಗಿಗಳ ಜೊತೆ ಎಷ್ಟು ಗಂಟೆ, ಯಾವ ಆಸ್ಪತ್ರೆಯಲ್ಲಿ, ಇದನ್ನು ಓದಿ ಏನು ಮಾಡಬಹುದು, ಏನು ಮಾಡಬಾರದು. ಯಾವ ಪಟ್ಟಿಗೂ ಸೇರಲ್ಲ ಅಂದರೆ ಅದನ್ನೂ ದಪ್ಪ ಅಕ್ಷರದಲ್ಲೇ ಬರೆಯಲಿ, ಪಾಂಪ್ಲೆಟ್‌ನಲ್ಲಿ "ನೌಕರಿ ಗ್ಯಾರಂಟಿ" ಬರೆದಷ್ಟೇ ದಪ್ಪಗೆ. ಕೆಳಗೆ ಸಂಸ್ಥೆಯವರ ಸಹಿ, ತಂದೆ ಅಥವಾ ತಾಯಿಯ ಸಹಿ. ಸುಳ್ಳು ಬರೆದರೆ ಫೀ ಪೂರ್ತಿ ವಾಪಸ್. ಇದಕ್ಕೆ ಬಜೆಟ್ ಬೇಡ, ಕಟ್ಟಡ ಬೇಡ, ನೀವಿಬ್ಬರೂ ಒಟ್ಟಿಗೆ ಕೂತು ಒಂದು ಸುತ್ತೋಲೆ ಹೊರಡಿಸಿದರೆ ಆಯಿತು. ಮಾನ್ಯತೆ ಇರುವ ಕೋರ್ಸುಗಳ ಪಟ್ಟಿಯನ್ನು ಪಿಯುಸಿ ಫಲಿತಾಂಶ ಬರುವ ಮೊದಲು ಎಲ್ಲ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಿಸಿ. ನಮ್ಮಂಥ ಹೈಸ್ಕೂಲಿಗೂ ಒಂದು ಕಳಿಸಿ, ನಾನೇ ಅಂಟಿಸುತ್ತೇನೆ.

ಎರಡನೆಯದಕ್ಕೆ ಮಾತ್ರ ದುಡ್ಡು ಬೇಕು. ಹಾವೇರಿಯಲ್ಲಿ, ಗದಗಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಿ.ಪಿ.ಟಿ., ಆಕ್ಯುಪೇಶನಲ್ ಥೆರಪಿ ಓದು ನಮ್ಮ ಮಕ್ಕಳಿಗೆ ಅಲ್ಲೇ, ಸರ್ಕಾರಿ ಫೀಯಲ್ಲಿ ಸಿಗುವಂತೆ ಮಾಡಿ. ಇಂಟರ್ನ್‌ಶಿಪ್ ಮಾಡುವವರನ್ನು ನಗರದ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಡಿ. ಶಿಗ್ಗಾವಿ, ಹಾನಗಲ್, ಮುಂಡರಗಿ ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯ ಮೇಲೆ ಕಳಿಸಿ. ಅಲ್ಲಿ ಅವರಿಗೆ ಕಲಿಸೋರು ಬೇಕು ಅಂತೀರಿ, ಹೌದು, ಅದಕ್ಕೇ ಒಂದು ಕಾಯಂ ಹುದ್ದೆ ಕೊಡಿ ಅನ್ನುತ್ತಿರೋದು. ಆಗ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ "ಮುಂದುವರಿಸಿ" ಅನ್ನೋದರ ಜೊತೆ ಎಲ್ಲಿ ಅಂತಲೂ ಬರೆಯಬಹುದು.

ಶಾಲೆಗಳಿಗೆ ಬರುವ ಕೌನ್ಸೆಲರ್ ಬಗ್ಗೆ ಒಂದೇ ಮಾತು. ಓದಿದ ದಾಖಲೆ ತೋರಿಸದೆ ಯಾರನ್ನೂ ಗೇಟಿನ ಒಳಗೆ ಬಿಡಬೇಡಿ ಅಂತ ಆದೇಶ ಮಾಡಿ. ಮೈಕ್ ಅಂತೂ ಬೇಡವೇ ಬೇಡ.

ನನ್ನ ತಂಗಿಯ ಮಗಳು ಈಗ ಹಾವೇರಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಮೊನ್ನೆ ಮನೆಗೆ ಬಂದಾಗ ಅವ್ವನ ಭುಜಕ್ಕೆ ದಿಂಬು ಸರಿಮಾಡಿ ಇಟ್ಟು, "ಈ ವರ್ಷ ಮತ್ತ ಅರ್ಜಿ ಹಾಕ್ತೀನಿ ಮಾಮಾ, ಆದರ ಈ ಸಲ ಕಾಗದ ಎಲ್ಲಾ ನೀವ ಓದಿ ಹೇಳಬೇಕು" ಅಂದಳು. ಆಯಿತು ಅಂದಿದ್ದೇನೆ. ಪ್ರವೇಶ ಶುರುವಾಗುವುದರೊಳಗೆ ಓದೋಕೆ ಆ ಹಾಳೆ ಕಳಿಸಿ ಕೊಡಿ.

ಗೌರವಗಳೊಂದಿಗೆ,
ಹಾವೇರಿ ಜಿಲ್ಲೆಯ ಒಬ್ಬ ಪಿ.ಟಿ. ಮಾಸ್ತರ್